ಶಾಲು ಹೊದಿಸಿದಿರಿ ಸರಿ, ಅವಳು ಮಾಡಿದ್ದೇನು ಅಂತ ಕೇಳಿದಿರಾ?

ನಿನ್ನೆ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಮಾವೇಶಕ್ಕೆ ಹೋಗಿದ್ದೆ. ಯಾವ ಕಾಲೇಜು ಅಂತ ಗೊತ್ತಿರುವವರು ದಯವಿಟ್ಟು ಬಾಯಿ ಬಿಡಬೇಡಿ. ಊಟ ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೊಗಳೋಕೆ ಏನೂ ಉಳಿಯುವುದಿಲ್ಲ.

'ಹೆಮ್ಮೆಯ ಸಾಧಕರು' ಅಂತ ಒಂದಷ್ಟು ಜನರಿಗೆ ಸನ್ಮಾನ ಇತ್ತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ. ಹಿಂದೆ ದೊಡ್ಡ ಪರದೆ. ಪರದೆ ಮೇಲೆ ಫೋಟೋ, ಹುದ್ದೆ, ಕಂಪನಿ, ದೇಶ. ಅಷ್ಟೇ. ಆ ಹುದ್ದೆಯಲ್ಲಿ ಕೂತು ಆ ಮನುಷ್ಯ ಮಾಡಿದ್ದೇನು ಅನ್ನುವುದಕ್ಕೆ ಸ್ಲೈಡಿನಲ್ಲಿ ಜಾಗವೇ ಇರಲಿಲ್ಲ.

ಅದರಲ್ಲಿ ನನ್ನ ಜೂನಿಯರ್ ಒಬ್ಬಳಿದ್ದಳು. ಕೆಮಿಕಲ್‌ನವಳೇ. ಭೂಮಿಯನ್ನು ಬಿಸಿ ಮಾಡುವ ಕಾರ್ಬನ್ ಡೈ ಆಕ್ಸೈಡನ್ನು ಗಾಳಿಗೆ ಬಿಡದೆ ಹಿಡಿದು ನೆಲದಾಳಕ್ಕೆ ಇಳಿಸುವ ಕೆಲಸದಲ್ಲಿದ್ದಾಳೆ. ಅಲ್ಲಿನ ಒತ್ತಡ ಎಷ್ಟು ಏರುತ್ತೆ, ಅನಿಲ ಯಾವ ಕಡೆ ಹರಿಯುತ್ತೆ ಅಂತ ಲೆಕ್ಕ ಹಾಕುವವಳು. ನಿರೂಪಕರು ಏನು ಹೇಳಿದರು ಗೊತ್ತಾ? "ನಾರ್ವೆ ದೇಶದಲ್ಲಿ ಸೀನಿಯರ್ ಸೈಂಟಿಸ್ಟ್ ಆಗಿ ಪರಿಸರವನ್ನು ಕಾಪಾಡುತ್ತಿದ್ದಾರೆ." ಚಪ್ಪಾಳೆ. ಪೇಟ. ಮುಂದಿನವರು. ಮುಂದಿನವರು ಅಪಾರ್ಟ್‌ಮೆಂಟ್ ಕಟ್ಟಿಸುವವರು. ಅವರ ಕೈಗೆ ಮೈಕು ಬಂದದ್ದು ವಾಪಸ್ ಹೋಗಲೇ ಇಲ್ಲ, ಯಾಕಂದ್ರೆ ಊಟದ ಖರ್ಚು ಅವರದ್ದೇ.

ಕೈ ತೊಳೆಯುವ ಕಡೆ ಅವಳು ಸಿಕ್ಕಿದಳು. "ನಿನಗೆ ಎರಡು ಮಾತಾಡೋಕೆ ಬಿಡಬಹುದಿತ್ತಲ್ಲ" ಅಂದೆ. ನಕ್ಕಳು. "ಬಿಡಿ ಅಕ್ಕಾ, ಏನಂತ ಹೇಳಲಿ? ಅನಿಲ ಹೊರಗೆ ಬಂದಿಲ್ಲ ಅಂತ ಹೇಳಿದರೆ ಯಾರು ಚಪ್ಪಾಳೆ ತಟ್ಟುತ್ತಾರೆ?"

ರಾತ್ರಿ ಇಡೀ ಇದೇ ತಲೆಯಲ್ಲಿ.

ನೋಡಿ, ಈ ಕೆಲಸದ ಫಜೀತಿಯೇ ಅದು. ಸೇತುವೆ ಕಟ್ಟಿದರೆ ಸೇತುವೆ ಕಾಣುತ್ತೆ. ಆ್ಯಪ್ ಮಾಡಿದರೆ ಡೌನ್‌ಲೋಡ್ ಲೆಕ್ಕ ಸಿಗುತ್ತೆ. ನಾರ್ವೆಯ ಸ್ಲೈಪ್ನರ್ ಗೊತ್ತಾ? ಸಮುದ್ರದ ಮಧ್ಯೆ ಇರುವ ಗ್ಯಾಸ್ ಬಾವಿ. ಅಲ್ಲಿ ಬರುವ ಗ್ಯಾಸಿನಲ್ಲಿ ಕಾರ್ಬನ್ ಡೈ ಆಕ್ಸೈಡ್ ಜಾಸ್ತಿ. ಅದನ್ನು ತೆಗೆಯದೆ ಮಾರುವ ಹಾಗಿಲ್ಲ. ತೆಗೆದು ಗಾಳಿಗೆ ಬಿಟ್ಟರೆ ತೆರಿಗೆ. ನಾರ್ವೆ 1991ರಲ್ಲೇ ಆ ತೆರಿಗೆ ಹಾಕಿತ್ತು. ಹಾಗಾಗಿ 1996ರಿಂದ ಅದನ್ನು ಸಮುದ್ರದ ತಳದಿಂದಲೂ ಸುಮಾರು 800 ಮೀಟರಿಗಿಂತ ಆಳದ ಮರಳುಗಲ್ಲಿನ ಪದರಕ್ಕೆ ತುಂಬುತ್ತಿದ್ದಾರೆ. ಬಹುಕಾಲ ವರ್ಷಕ್ಕೆ ಹೆಚ್ಚೂಕಡಿಮೆ 10 ಲಕ್ಷ ಟನ್. ಕೆಲವು ವರ್ಷಕ್ಕೊಮ್ಮೆ ಶಬ್ದದ ಅಲೆ ಕಳಿಸಿ, ಒಳಗೆ ಅನಿಲ ಎಲ್ಲಿವರೆಗೆ ಹಬ್ಬಿದೆ ಅಂತ ಚಿತ್ರ ತೆಗೆಯುತ್ತಾರೆ. ಸುಮಾರು ಮೂವತ್ತು ವರ್ಷದ ಸುದ್ದಿ ಏನು? ಇಟ್ಟದ್ದು ಒಳಗೇ ಇದೆ. ಇದನ್ನೇ ಕಾಯ್ದುಕೊಂಡು ಕೆಲವರು ಕೆಲಸಕ್ಕೆ ಸೇರಿ ನಿವೃತ್ತಿಯೂ ಆಗಿರುತ್ತಾರೆ. ಸ್ಲೈಡಿನಲ್ಲಿ ಏನಂತ ಹಾಕ್ತೀರಿ?

ಎಲ್ಲಾ ಕಡೆ ಅಷ್ಟು ಸಲೀಸಾಗಿ ಆಗಿಲ್ಲ, ಅದೂ ನಿಜ. ಅದೇ ನಾರ್ವೆಯ ಸ್ನೋವಿಟ್‌ನಲ್ಲಿ 2008ರಲ್ಲಿ ತುಂಬಲು ಶುರು ಮಾಡಿದರು. ಅಂದುಕೊಂಡದ್ದಕ್ಕಿಂತ ಬೇಗ ಒತ್ತಡ ಏರಿತು. 2011ರಲ್ಲಿ ಬೇರೆ ಪದರಕ್ಕೆ ಬದಲಾಯಿಸಿದರು. ಅಲ್ಜೀರಿಯಾದ ಇನ್ ಸಾಲಾಹ್‌ನಲ್ಲಿ 2004ರಿಂದ ತುಂಬುತ್ತಿದ್ದರು. ಮರುಭೂಮಿಯ ನೆಲ ವರ್ಷಕ್ಕೆ ಕೆಲವೇ ಮಿಲಿಮೀಟರ್ ಮೇಲೇಳುತ್ತಿದೆ ಅನ್ನುವುದು ಉಪಗ್ರಹದ ರೇಡಾರಿನಲ್ಲಿ ಸಿಕ್ಕಿತು. ಮೇಲಿನ ಮುಚ್ಚಳದಂಥ ಕಲ್ಲಿಗೆ ಪೆಟ್ಟು ಬಿದ್ದೀತು ಅನ್ನುವ ಅನುಮಾನದಲ್ಲಿ 2011ರಲ್ಲಿ ನಿಲ್ಲಿಸಿಬಿಟ್ಟರು. ನನ್ನ ಪ್ರಕಾರ ಆ ಮಿಲಿಮೀಟರುಗಳನ್ನು ಅಳೆದವರಿಗೂ "ಇದು ಸಾಕು, ನಿಲ್ಲಿಸೋಣ" ಅಂದವರಿಗೂ ಮೊದಲು ಪೇಟ ತೊಡಿಸಬೇಕು. ಯಾವ ಕಾಲೇಜಿನವರು ತೊಡಿಸ್ತಾರೆ ಹೇಳಿ. "ನಮ್ಮ ಹೆಮ್ಮೆಯ ವಿದ್ಯಾರ್ಥಿ ಒಂದು ಯೋಜನೆಯನ್ನು ನಿಲ್ಲಿಸಿದರು" ಅಂತ ಬ್ಯಾನರ್ ಹಾಕಿಸಿದ್ದನ್ನು ನಾನಂತೂ ನೋಡಿಲ್ಲ.

ಅವಳ ಕೆಲಸ ಇದೇ ಜಾತಿಯದ್ದು ಕಣ್ರೀ. ಅದಕ್ಕೇ ಸಿಟ್ಟು.

ಇನ್ನು ಐಸ್‌ಲ್ಯಾಂಡ್ ಕಥೆ. ಇದನ್ನು ಹೇಳದೆ ಬಿಡಲಾರೆ, ಯಾಕಂದ್ರೆ ಇದು ಪಿಎಚ್‌ಡಿ ವಿದ್ಯಾರ್ಥಿಗಳೂ ಸೇರಿ ಕಟ್ಟಿದ ಕೆಲಸ. 2007ರಲ್ಲಿ ಐಸ್‌ಲ್ಯಾಂಡ್ ವಿಶ್ವವಿದ್ಯಾಲಯ, ಅಲ್ಲಿನ ವಿದ್ಯುತ್ ಕಂಪನಿ, ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಸಂಶೋಧಕರು ಸೇರಿ ಕಾರ್ಬ್‌ಫಿಕ್ಸ್ ಅಂತ ಶುರು ಮಾಡಿದರು. ಅನಿಲವನ್ನು ನೀರಿನಲ್ಲಿ ಕರಗಿಸಿ ಕಪ್ಪು ಬಸಾಲ್ಟ್ ಕಲ್ಲಿನೊಳಗೆ ಬಿಡುವುದು. ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಅದೂ ಕಲ್ಲಾಗಬೇಕು. ನೂರಾರು ವರ್ಷ ಬೇಕಾಗಬಹುದು ಅಂದುಕೊಂಡವರೂ ಇದ್ದರು. 2012ರಲ್ಲಿ ಪ್ರಯೋಗಕ್ಕೆ ಅಂತ ತುಂಬಿದರು. ಸ್ವಲ್ಪ ದೂರದಲ್ಲಿ ಇನ್ನೊಂದು ಕೊಳವೆ ಬಾವಿ ಕೊರೆದು, ನೀರು ಮೇಲೆತ್ತಿ ಪರೀಕ್ಷೆ ಮಾಡುತ್ತಾ ಕೂತರು. ಒಂದು ದಿನ ಆ ಬಾವಿಯ ಪಂಪು ಕೆಟ್ಟಿತು. ಬೋರ್‌ವೆಲ್ ಮೋಟರ್ ಎತ್ತಿಸಿದ ಅನುಭವ ಇರುವವರಿಗೆ ಆ ಸಂಕಟ ಗೊತ್ತು. ಎತ್ತಿ ನೋಡಿದರೆ ಪಂಪಿನ ಒಳಗೂ ಹೊರಗೂ ಕ್ಯಾಲ್ಸೈಟ್ ಕಟ್ಟಿಕೊಂಡಿದೆ. ನಮ್ಮ ಕಲಬುರಗಿ ಕಡೆಯ ಗಡಸು ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತಲ್ಲ, ಅದೇ ವಸ್ತು. ತುಂಬುವ ಅನಿಲಕ್ಕೆ ಗುರುತಿಗೆ ಅಂತ ಕಾರ್ಬನ್-14 ಅನ್ನುವ ವಿಕಿರಣಶೀಲ ಕಾರ್ಬನ್ ಬೆರೆಸಿದ್ದರು. ಪಂಪಿನ ಮೇಲಿನ ಕ್ಯಾಲ್ಸೈಟಿನಲ್ಲೂ ಅದೇ ಗುರುತು ಸಿಕ್ಕಿತು! ಕೆಟ್ಟ ಪಂಪೇ ಸಾಕ್ಷಿ. ಎರಡು ವರ್ಷದೊಳಗೆ ಶೇಕಡಾ 95ರಷ್ಟು ಭಾಗ ಕಲ್ಲಾಗಿದೆ ಅಂತ 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು.

ಈ ಕಲ್ಲಿನ ರಸಾಯನವನ್ನೇ ಓದಿ ಐಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ ಎಡ್ಡಾ ಅರಾಡೋಟಿರ್ ಮುಂದೆ ಕಾರ್ಬ್‌ಫಿಕ್ಸ್ ಕಂಪನಿಯ ಮುಖ್ಯಸ್ಥೆಯಾದರು. ನೋಡಿ, ಇಲ್ಲಿ 'ಮುಖ್ಯಸ್ಥೆ' ಅನ್ನುವುದು ಕೊನೆಯ ಸಾಲು. ಅದಕ್ಕೆ ಮುಂಚೆ ಕಲ್ಲಿದೆ, ನೀರಿದೆ, ಕೆಟ್ಟ ಪಂಪಿದೆ. ನಮ್ಮಲ್ಲಿ ಕೊನೆಯ ಸಾಲು ಮಾತ್ರ ಓದಿ ಕೂರಿಸುತ್ತಾರೆ.

ಹಾಗಂತ ನಮ್ಮವರದ್ದೇನೂ ಕಡಿಮೆ ಇಲ್ಲ. ಐಐಟಿ ಖರಗ್‌ಪುರದಲ್ಲಿ ಓದಿದ ಅನಿರುದ್ಧ ಶರ್ಮ ಮತ್ತು ಪ್ರತೀಕ್ ಬುಂಬ್ 2009ರಲ್ಲಿ ಕಾರ್ಬನ್ ಕ್ಲೀನ್ ಶುರು ಮಾಡಿದರು. ಹೊಗೆಯಿಂದ ಕಾರ್ಬನ್ ಡೈ ಆಕ್ಸೈಡ್ ಹೀರುವ ದ್ರಾವಣ ಅವರದ್ದು. ಹಳೆಯ ಪದ್ಧತಿಯಲ್ಲಿ ಅನಿಲ ಹೀರೋಕೆ ಬಳಸುವ ಅಮೀನ್ ಅನ್ನುವ ರಾಸಾಯನಿಕದ ಬಗ್ಗೆ ನನ್ನನ್ನು ಕೇಳಿ. ಅಮೋನಿಯಾದ ಹಾಗೆ ಮೂಗಿಗೆ ಹೊಡೆಯುತ್ತೆ, ಕಬ್ಬಿಣ ತಿನ್ನುತ್ತೆ, ಹಳತಾದರೆ ಕಡು ಚಹಾದ ಬಣ್ಣಕ್ಕೆ ತಿರುಗುತ್ತೆ. ಹೀರಿದ ಅನಿಲವನ್ನು ಬಿಡಿಸಬೇಕೆಂದರೆ ಅದನ್ನು 120 ಡಿಗ್ರಿ ಆಸುಪಾಸು ಕಾಯಿಸಬೇಕು, ಖರ್ಚೆಲ್ಲ ಅಲ್ಲೇ. ಆ ಖರ್ಚು ಇಳಿಸುವುದಕ್ಕೆ ಹೊರಟವರು ಇವರು. ಇಲ್ಲಿ ದುಡ್ಡು ಹಾಕುವವರು ಸಿಗಲಿಲ್ಲ, ಬ್ರಿಟನ್ ಸರ್ಕಾರ ಅನುದಾನ ಕೊಟ್ಟು ಕರೆಸಿಕೊಂಡಿತು. ಕಂಪನಿ ಲಂಡನ್ನಿನಲ್ಲಿ ನೆಲೆಯೂರಿತು. 2016ರಲ್ಲಿ ತೂತ್ತುಕುಡಿಯ ಸೋಡಾ ಕಾರ್ಖಾನೆಯಲ್ಲಿ ವರ್ಷಕ್ಕೆ 60,000 ಟನ್ ಹಿಡಿಯುವ ಘಟಕ, 2021ರಲ್ಲಿ ಜಮ್‌ಶೆಡ್‌ಪುರದ ಟಾಟಾ ಸ್ಟೀಲಿನಲ್ಲಿ ದಿನಕ್ಕೆ 5 ಟನ್ನಿನ ಚಿಕ್ಕ ಘಟಕ.

ತೂತ್ತುಕುಡಿಯಲ್ಲಿ ಹಿಡಿದ ಅನಿಲ ಸೋಡಾ ಆಶ್ ಆಗುತ್ತೆ. ಅದನ್ನು ಗಾಜಿನ ಕಾರ್ಖಾನೆಯಲ್ಲಿ ಕರಗಿಸಿದರೆ ಅನಿಲ ಮತ್ತೆ ಹೊರಗೆ. ಹಿಡಿಯುವುದು ಬೇರೆ, ಹೂಳುವುದು ಬೇರೆ. ಆದರೆ 'ಹವಾಮಾನ ಉಳಿಸಿದ ನಮ್ಮ ಹುಡುಗರು' ಅಂತ ಪೋಸ್ಟ್ ಹಾಕುವವರಿಗೆ ಈ ವ್ಯತ್ಯಾಸ ಯಾಕೆ ಬೇಕು? ಅವರಿಗೆ ಲಂಡನ್ ಸಾಕು.

ನನ್ನ ತಕರಾರು ಇಷ್ಟೇ. ಮಾಡಿದ್ದನ್ನು ಹೇಳಿ. ಎಷ್ಟು ಟನ್? ಎಲ್ಲಿ? ಯಾವ ಕಲ್ಲಿನೊಳಗೆ? ಏನು ಕೈಕೊಟ್ಟಿತು? ಜ್ಯೂರಿಚ್‌ನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಜೊತೆಗೆ ಓದಿದ ಇಬ್ಬರು 2009ರಲ್ಲಿ ಕ್ಲೈಮ್‌ವರ್ಕ್ಸ್ ಕಟ್ಟಿದರು. ಗಾಳಿಯಿಂದಲೇ ನೇರವಾಗಿ ಕಾರ್ಬನ್ ಡೈ ಆಕ್ಸೈಡ್ ಹಿಡಿಯುವವರು. ಐಸ್‌ಲ್ಯಾಂಡಿನ ಅವರ ಓರ್ಕಾ ಘಟಕ 2021ರಲ್ಲಿ ಶುರುವಾಯಿತು. ಹೇಳಿದ್ದು ವರ್ಷಕ್ಕೆ 4,000 ಟನ್, ಹಿಡಿದದ್ದು ಅದಕ್ಕಿಂತ ತುಂಬಾ ಕಡಿಮೆ. ಈ ಎರಡನೇ ಅರ್ಧ ಹೇಳಿದರೆ ಆ ಇಬ್ಬರ ಮರ್ಯಾದೆಗೇನೂ ಕುಂದಿಲ್ಲ. ಗಾಳಿಯಲ್ಲಿ ಕಾರ್ಬನ್ ಡೈ ಆಕ್ಸೈಡಿನ ಪಾಲು ಹತ್ತು ಸಾವಿರದಲ್ಲಿ ನಾಲ್ಕೇ ನಾಲ್ಕು. ಅದನ್ನು ಹೆಕ್ಕುವುದು ಎಂಥಾ ಕಷ್ಟ ಅಂತ ಆಗಲೇ ಅರ್ಥವಾಗೋದು.

ಈಗ ಕಾಮೆಂಟಿನಲ್ಲಿ ಬರುವ ಮಾತು ಗೊತ್ತು. "ಮೇಡಂ, ಇದೆಲ್ಲ ತೈಲ ಕಂಪನಿಗಳ ನಾಟಕ. ಹಿಡಿದದ್ದರಲ್ಲಿ ಬಹುಪಾಲನ್ನು ಹಳೇ ತೈಲ ಬಾವಿಗೆ ತುಂಬಿ ಮತ್ತೆ ತೈಲ ಎತ್ತೋಕೇ ಬಳಸ್ತಾರೆ." ಹೌದು, ಬಹುಪಾಲು ಹಾಗೇ ಆಗಿದೆ. ಕೆನಡಾದ ಬೌಂಡರಿ ಡ್ಯಾಮ್, ಟೆಕ್ಸಾಸಿನ ಪೆಟ್ರಾ ನೋವಾ, ಎರಡೂ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆ ಹಿಡಿಯುವ ಯೋಜನೆಗಳು, ಎರಡರ ಅನಿಲವೂ ಬಹುಮಟ್ಟಿಗೆ ತೈಲ ಬಾವಿಗೇ ಹೋಯಿತು. ಒಪ್ಪಿದೆ. ಆದರೆ ನಾನು ವಾಡಿ–ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದವಳು, ನನ್ನ ಮುಂದೆ ಸೋಲಾರ್ ಹಾಕಿದರೆ ಎಲ್ಲ ಸರಿಹೋಗುತ್ತೆ ಅನ್ನಬೇಡಿ. ಸುಣ್ಣದ ಕಲ್ಲು ಕಾಯಿಸಿದರೆ ಕಲ್ಲಿನೊಳಗಿಂದಲೇ ಅನಿಲ ಬರುತ್ತೆ. ಸಿಮೆಂಟಿನ ಕಾರ್ಬನ್ನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ. ಬೆಂಕಿಗೆ ಏನೇ ಉರಿಸಿ, ಅದು ಬಂದೇ ಬರುತ್ತೆ. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯವರು 2025ರಿಂದ ವರ್ಷಕ್ಕೆ 4 ಲಕ್ಷ ಟನ್ ಹಿಡಿಯಲು ಘಟಕ ಹಾಕಿ, ಹಡಗಿನಲ್ಲಿ ಸಾಗಿಸಿ, ಸಮುದ್ರ ತಳದಿಂದ 2,600 ಮೀಟರ್ ಆಳಕ್ಕೆ ಇಳಿಸುತ್ತಿದ್ದಾರೆ. ಅಷ್ಟೆಲ್ಲ ಮಾಡಿದರೂ ಆ ಕಾರ್ಖಾನೆಯ ಅರ್ಧದಷ್ಟೇ ಹೊಗೆಗೆ ಲೆಕ್ಕ. ಬೇರೆ ದಾರಿ ಇದ್ದರೆ ಹೇಳಿ, ನಾನೂ ಕೇಳಿಸಿಕೊಳ್ತೇನೆ.

ಇನ್ನೊಂದು ಮಾತೂ ಬರುತ್ತೆ. "ಪಾಪ, ಕರೆದು ಗೌರವಿಸಿದ್ದೇ ದೊಡ್ಡದು, ಅದರಲ್ಲೂ ತಪ್ಪು ಹುಡುಕ್ತೀರಲ್ಲ." ಹುಡುಕ್ತೇನೆ. ಮುಂದಿನ ಸಾಲಿನಲ್ಲಿ ಮೂರನೇ ವರ್ಷದ ಮಕ್ಕಳು ಕೂತಿದ್ದರು, ಕುರ್ಚಿ ತುಂಬಿಸೋಕೆ ಅಂತ ಕ್ಲಾಸಿನಿಂದ ಎಬ್ಬಿಸಿಕೊಂಡು ಬಂದಿದ್ದರು. ಅವರಿಗೆ ನಾರ್ವೆ ಅನ್ನುವುದು ಕೇಳಿಸಿತು. ಸೀನಿಯರ್ ಸೈಂಟಿಸ್ಟ್ ಕೇಳಿಸಿತು. ಆ ಕೆಲಸ ಏನು, ಅದಕ್ಕೆ ಏನು ಓದಬೇಕು, ಬೆಂಗಳೂರಿನ ಜಕ್ಕೂರಿನಲ್ಲೇ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಕಾರ್ಬನ್ ಹಿಡಿಯುವ ಸಂಶೋಧನೆಗೆ ರಾಷ್ಟ್ರೀಯ ಕೇಂದ್ರವೇ ಇದೆ ಅನ್ನುವುದನ್ನು ಯಾರು ಹೇಳಬೇಕಿತ್ತು? ಅಪಾರ್ಟ್‌ಮೆಂಟಿನವರಾ?

ಹೊಟ್ಟೆಕಿಚ್ಚು ಅಂತೀರಾ? ಸ್ವಲ್ಪ ಇದೆ, ಮುಚ್ಚುಮರೆ ಏನಿಲ್ಲ. ಅವಳ ವಯಸ್ಸಿನಲ್ಲಿ ಈ ದಾರಿ ಇದೆ ಅಂತ ನನಗೆ ಯಾರೂ ಹೇಳಲಿಲ್ಲ. ನನಗೂ ಒಬ್ಬರು ಸಾಧಕರನ್ನು ತೋರಿಸಿದ್ದರು, ದೂರದಿಂದ, ಪೇಟ ತೊಟ್ಟುಕೊಂಡಿದ್ದರು. ಏನು ಮಾಡುತ್ತಿದ್ದರೋ ಇವತ್ತಿಗೂ ಗೊತ್ತಿಲ್ಲ.

ಊಟ ಆದಮೇಲೆ ನಾನೂ ಅವಳೂ ಕೂತು ಮಾತಾಡಿದ್ದು ನಮ್ಮ ಕಪ್ಪು ಕಲ್ಲಿನ ಬಗ್ಗೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ನೆಲದಡಿ ಇರುವುದೂ ಬಸಾಲ್ಟೇ. ಗೋಳಗುಮ್ಮಟ ಕಟ್ಟಿರುವುದೂ ಅದರಲ್ಲೇ. ಸಿಮೆಂಟ್ ಕಾರ್ಖಾನೆಗಳಿಗೂ ಈ ಕಲ್ಲಿಗೂ ದೂರ ಜಾಸ್ತಿ ಇಲ್ಲ. ಐಸ್‌ಲ್ಯಾಂಡಿನ ಹಾಗೆ ಇಲ್ಲೇ ಯಾಕಾಗಬಾರದು ಅಂತ ನಾನು ಉತ್ಸಾಹದಲ್ಲಿ ಕೇಳಿದೆ. ಅವಳು ತಣ್ಣಗೆ ಎರಡು ಮಾತು ಹೇಳಿದಳು. ಒಂದು, ಮಹಾರಾಷ್ಟ್ರದ ಕಡೆ ಇರುವಷ್ಟು ದಪ್ಪ ಪದರ ಈ ಅಂಚಿನಲ್ಲಿ ಇಲ್ಲ. ಎರಡು, ಕಾರ್ಬ್‌ಫಿಕ್ಸ್ ವಿಧಾನಕ್ಕೆ ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕು. "ಕಲಬುರಗಿಯಲ್ಲಿ ನೀರು ಎಲ್ಲಿಂದ ತರ್ತೀರಿ ಅಕ್ಕಾ?" ನನ್ನ ಬಾಯಿ ಬಂದ್. ಇಂಥಾ ಎರಡು ಮಾತು ವೇದಿಕೆ ಮೇಲೆ ಹೇಳಿದ್ದರೆ ಆ ಮಕ್ಕಳಲ್ಲಿ ಒಬ್ಬನಾದರೂ ಫೋನಿನಿಂದ ತಲೆ ಎತ್ತುತ್ತಿದ್ದ.

ಅಂದ ಹಾಗೆ, ನನ್ನ ಫ್ರೆಂಡ್ ಲಿಸ್ಟಿನಲ್ಲಿ ಭೂವಿಜ್ಞಾನದವರು, ಅಂತರ್ಜಲ ಇಲಾಖೆಯಲ್ಲಿ ದುಡಿದವರು ಇದ್ದೀರಲ್ಲ, ಆಳಂದ–ಬಸವಕಲ್ಯಾಣದ ಕಡೆ ಬೋರ್ ಹಾಕುವಾಗ ಕಪ್ಪು ಕಲ್ಲು ಎಷ್ಟು ಅಡಿಯವರೆಗೆ ಸಿಗುತ್ತೆ, ಅದರ ಕೆಳಗೆ ಏನು ಬರುತ್ತೆ? ಕುಡಿಯೋಕೆ ಬಾರದ ಉಪ್ಪು ನೀರು ಎಲ್ಲಾದರೂ ಸಿಕ್ಕಿದ್ದಿದೆಯಾ? ಗೊತ್ತಿದ್ದವರು ಬರೆಯಿರಿ. ಅವಳಿಗೆ ಕಳಿಸಬೇಕು, ಭಾನುವಾರ ವಾಪಸ್ ಹೋಗ್ತಾಳೆ.