‘ಸಲ್ಲಿಸಿ’ ಒತ್ತುವ ಮೊದಲೇ ಜಾಲಪುಟ ನಮ್ಮನ್ನು ಓದಬಹುದೇ?

ಪರ

1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗೆಂದು ಜಾವಾಸ್ಕ್ರಿಪ್ಟ್ (ಪುಟದೊಳಗೆ, ಬ್ರೌಸರಿನಲ್ಲೇ ಓಡುವ ಪ್ರೋಗ್ರಾಂಗಳನ್ನು ಬರೆಯುವ ಭಾಷೆ) ಹುಟ್ಟಿದಾಗ ಅದರ ಪಾಲಿಗೆ ಬಂದ ಮೊದಮೊದಲ ಕೆಲಸಗಳಲ್ಲಿ ಫಾರ್ಮ್ ತಪಾಸಣೆಯೂ ಒಂದು. ಅದಿಲ್ಲದ ಕಾಲದಲ್ಲಿ ಖಾನೆಗಳನ್ನೆಲ್ಲ ತುಂಬಿ ಕಳಿಸಿದ ಫಾರ್ಮ್ ಸರ್ವರಿನವರೆಗೆ ಹೋಗಿ, ಒಂದು ಅಂಕಿ ಕಡಿಮೆಯಿದೆ ಎಂಬ ದೂರು ಹೊತ್ತು ಮರಳುತ್ತಿತ್ತು. ಎಷ್ಟೋ ಸಲ ತುಂಬಿದ್ದೆಲ್ಲ ಅಳಿಸಿಹೋಗಿರುತ್ತಿತ್ತು. ಈಗ ಕರ್ಸರ್ ಖಾನೆಯಿಂದ ಸರಿದ ಕೂಡಲೇ ತಪ್ಪು ತಿಳಿಯುತ್ತದೆ.

ಇನ್ನು ಜಾಡು ಹಿಡಿಯುವುದರ, ಅಂದರೆ ಪುಟದಲ್ಲಿ ಜನ ಏನು ಮಾಡುತ್ತಾರೆಂದು ಜಾವಾಸ್ಕ್ರಿಪ್ಟಿನಿಂದ ಗಮನಿಸಿ ಎಣಿಸುವುದರ ಬಗ್ಗೆ. ಸರ್ವರಿನ ದಾಖಲೆಯಲ್ಲಿ ಪುಟ ತೆರೆದದ್ದು ಕಾಣುತ್ತದೆ, ಜನ ಯಾವ ಖಾನೆಯಲ್ಲಿ ತಡವರಿಸಿ ಎದ್ದುಹೋದರು ಎಂಬುದು ಕಾಣುವುದಿಲ್ಲ. ಹೆಸರಿನಲ್ಲಿ ಅಕ್ಷರಗಳೇ ಇರಬೇಕೆಂದು ಹಟ ಹಿಡಿದು ಇನಿಷಿಯಲ್‌ನ ಚುಕ್ಕಿಯನ್ನೂ ತಿರಸ್ಕರಿಸುವ ಫಾರ್ಮ್‌ಗಳ ಎಡವಟ್ಟು ಅವುಗಳ ಮಾಲೀಕರಿಗೆ ಗೊತ್ತಾಗುವುದು ಇಂಥ ಎಣಿಕೆಯಿಂದಲೇ. ಎಣಿಕೆಯನ್ನಷ್ಟೇ ಇಟ್ಟುಕೊಂಡರೆ ಯಾರಿಗೇನು ನಷ್ಟ?

ವಿರೋಧ

ತಪಾಸಣೆಗೆ ಈಗ ಜಾವಾಸ್ಕ್ರಿಪ್ಟೇ ಬೇಕೆಂದಿಲ್ಲ. ಜಾಲಪುಟಗಳನ್ನು ಬರೆಯುವ ಭಾಷೆಯ 2014ರಲ್ಲಿ ಅಂತಿಮ ರೂಪ ಪಡೆದ ಆವೃತ್ತಿಯಾದ ಎಚ್‌ಟಿಎಂಎಲ್ 5ರಲ್ಲಿ ‘ಈ ಖಾನೆ ಕಡ್ಡಾಯ’, ‘ಇಲ್ಲಿ ಇಮೇಲ್ ಬೇಕು’ ಎಂದು ಗುರುತು ಹಾಕಿದರೆ ಉಳಿದದ್ದನ್ನು ಬ್ರೌಸರೇ ನೋಡಿಕೊಳ್ಳುತ್ತದೆ. ಭದ್ರತೆಯ ನೆಪವಂತೂ ಬೇಡ. ಬ್ರೌಸರನ್ನೇ ಬದಿಗಿಟ್ಟು ಸರ್ವರಿಗೆ ನೇರವಾಗಿ ಏನನ್ನು ಬೇಕಾದರೂ ಕಳಿಸಬಹುದಾದ್ದರಿಂದ, ಸರ್ವರ್ ಎಲ್ಲವನ್ನೂ ಮತ್ತೆ ಪರೀಕ್ಷಿಸಲೇಬೇಕು.

ನನ್ನ ನಿಜವಾದ ತಕರಾರು ಬೇರೆ. ಕರ್ಸರ್ ಸರಿದದ್ದನ್ನು ಗಮನಿಸಿ ತಪ್ಪು ತೋರಿಸುವ ಸವಲತ್ತಿನಿಂದಲೇ, ಖಾನೆಯಲ್ಲಿದ್ದುದನ್ನು ಅದೇ ಕ್ಷಣ ಮೂರನೆಯವರಿಗೆ ರವಾನಿಸಲೂ ಬರುತ್ತದೆ. ಪುಟಕ್ಕೆ ನೇರವಾಗಿ ಸೇರಿಸಿಕೊಂಡ ಹೊರಗಿನವರ ಸ್ಕ್ರಿಪ್ಟಿಗೂ (ಜಾವಾಸ್ಕ್ರಿಪ್ಟ್ ತುಣುಕಿಗೂ) ಪುಟದ ಸ್ವಂತ ಸ್ಕ್ರಿಪ್ಟಿಗಿರುವಷ್ಟೇ ಅಧಿಕಾರ. ಬ್ರೌಸರ್ ಅವೆರಡರ ನಡುವೆ ಭೇದ ಮಾಡುವುದಿಲ್ಲ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು 1 ಲಕ್ಷ ಜನಪ್ರಿಯ ತಾಣಗಳನ್ನು ಶೋಧಿಸಿತು. ಐರೋಪ್ಯ ಒಕ್ಕೂಟದಿಂದ ಭೇಟಿಯಿತ್ತಾಗ 1,844 ತಾಣಗಳಲ್ಲಿ, ಅಮೆರಿಕದಿಂದ ಭೇಟಿಯಿತ್ತಾಗ 2,950 ತಾಣಗಳಲ್ಲಿ, ಬರೆದ ಇಮೇಲ್ ವಿಳಾಸ ‘ಸಲ್ಲಿಸಿ’ ಒತ್ತುವ ಮೊದಲೇ, ಒಪ್ಪಿಗೆಯನ್ನೂ ಕೇಳದೆ, ಜಾಡು ಹಿಡಿಯುವ ಕಂಪನಿಗಳ ಕೈಸೇರಿತ್ತು. ಮನಸ್ಸು ಬದಲಿಸಿ ಅಳಿಸಿದವರ ವಿಳಾಸವೂ ಅಷ್ಟರಲ್ಲಿ ಹೋಗಿಯಾಗಿರುತ್ತದೆ!

ವಿಳಾಸವನ್ನು ಹ್ಯಾಶ್ ಮಾಡಿಯೇ (ಗಣಿತದ ವಿಧಾನದಿಂದ ಓದಲಾಗದ ಅಕ್ಷರ-ಅಂಕಿಗಳ ಸಾಲಾಗಿಸಿ) ಕಳಿಸುತ್ತೇವೆ ಎಂಬ ಸಮಾಧಾನ ಕಣ್ಣೊರೆಸುವ ಮಾತು. ಒಂದೇ ವಿಳಾಸಕ್ಕೆ ಒಂದೇ ವಿಧಾನದಲ್ಲಿ ಎಲ್ಲ ತಾಣಗಳಲ್ಲೂ ಒಂದೇ ಹ್ಯಾಶ್ ಹುಟ್ಟುವುದರಿಂದ, ಆ ಹ್ಯಾಶ್ ಮನುಷ್ಯನ ಗುರುತಿನ ಚೀಟಿಯಾಗಿಬಿಡುತ್ತದೆ. ತಾಣಗಳು ನಮ್ಮನ್ನು ಗುರುತಿಸಲು ಬ್ರೌಸರಿನಲ್ಲಿ ಇಡುವ ಕುಕಿಯನ್ನಾದರೂ ಅಳಿಸಬಹುದು, ವರ್ಷಗಟ್ಟಲೆ ಬಳಸಿದ ಇಮೇಲ್ ವಿಳಾಸವನ್ನು ಬದಲಿಸುವವರು ಯಾರು?

ಫಾರ್ಮ್ ಅರ್ಧಕ್ಕೆ ಬಿಟ್ಟವರ ಲೆಕ್ಕ ಬೇಕೆನ್ನುವವರು ಯಾವ ಖಾನೆಯಲ್ಲಿ ಬಿಟ್ಟರೆಂದು ಎಣಿಸಲಿ, ಖಾನೆಯೊಳಗಿನ ಬರಹವನ್ನು ಮುಟ್ಟದಿರಲಿ, ಆ ಲೆಕ್ಕವನ್ನು ತಮ್ಮ ಸರ್ವರಿನಲ್ಲೇ ಇಟ್ಟುಕೊಳ್ಳಲಿ. ಫಾರ್ಮ್ ಇರುವ ಪುಟದಲ್ಲಿ ಹೊರಗಿನವರ ಜಾಡು ಸ್ಕ್ರಿಪ್ಟಿಗೆ ಯಾವ ಕೆಲಸವೂ ಇಲ್ಲ.