ಕ್ಯಾಡಿಯನ್ನು ಬೈಯುವ ಮೊದಲು ಕಾಲ ಕೆಳಗಿನ ನೆಲ ನೋಡಿ

ಇವತ್ತು ಬೆಳಿಗ್ಗೆ ಊಟಿಯ ಗಾಲ್ಫ್ ಕೋರ್ಸಿನಲ್ಲಿ ಕಂಡದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬೆಂಗಳೂರಿಂದ ಬಂದಿದ್ದ ಆಟಗಾರರೊಬ್ಬರು ನೂರು ಯಾರ್ಡಿನಿಂದ ವೆಡ್ಜ್ (ಹತ್ತಿರದ ಹೊಡೆತದ ಕ್ಲಬ್, ಅಂದರೆ ಗಾಲ್ಫ್ ಕೋಲು) ಹೊಡೆಯಲು ನಿಂತಿದ್ದರು. ಚೆಂಡು ಪಾದಕ್ಕಿಂತ ನಾಲ್ಕು ಬೆರಳು ಮೇಲಿತ್ತು. "ಬಲಗಡೆ ನೋಡಿ ಹೊಡೀರಿ ಸಾರ್" ಅಂತ ಅವರ ಕ್ಯಾಡಿ (ಕ್ಲಬ್ಬುಗಳ ಚೀಲ ಹೊತ್ತು ಸಲಹೆ ಕೊಡುವವರು) ಎರಡು ಸಲ ಹೇಳಿದರು. ಇವರು ನೇರ ಹೋಲಿನ ಧ್ವಜಕ್ಕೇ ಗುರಿಯಿಟ್ಟರು. ಚೆಂಡು ಗ್ರೀನಿನ, ಅಂದರೆ ಹೋಲಿನ ಸುತ್ತಲಿನ ನುಣುಪು ಹುಲ್ಲಿನ, ಎಡ ಅಂಚಿಗೆ ಬಿದ್ದು, ಅಲ್ಲಿಂದ ಉರುಳಿ ಮುಳ್ಳುಪೊದೆ ಸೇರಿತು. ಬೈಸಿಕೊಂಡವರು ಕ್ಯಾಡಿ. ಆಮೇಲೆ ಬೈಗುಳ ಕೋರ್ಸಿಗೂ ಬಂತು: "ಒಳ್ಳೇ ಶಾಟ್‌ಗೂ ಬೆಲೆ ಇಲ್ಲ ಇಲ್ಲಿ."

ಅದು ಒಳ್ಳೇ ಶಾಟ್ ಆಗಿರಲೇ ಇಲ್ಲ. ಸಮತಟ್ಟು ಜಾಗಕ್ಕೆ ಒಳ್ಳೇದು, ಅಷ್ಟೇ.

ವೆಡ್ಜ್ ಹಿಡಿದು ನಿಂತಾಗ ಚೆಂಡು ನಾಲ್ಕು ಬೆರಳು ಮೇಲಿದೆ ಅಂದರೆ ನೆಲ ಸುಮಾರು ಐದು ಡಿಗ್ರಿ ವಾಲಿದೆ ಅಂತ ಅರ್ಥ. ಐವತ್ತು ಡಿಗ್ರಿ ಲಾಫ್ಟ್ (ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಕೋನ) ಇರುವ ವೆಡ್ಜಿನ ಮುಖ ಅಷ್ಟರಲ್ಲೇ ಎಡಕ್ಕೆ ತಿರುಗಿಬಿಟ್ಟಿರುತ್ತದೆ (ಬಲಗೈ ಆಟಗಾರರ ಲೆಕ್ಕ ಹೇಳುತ್ತಿದ್ದೇನೆ, ಎಡಗೈಯವರು ತಿರುಗಿಸಿಕೊಳ್ಳಿ). ನೂರು ಯಾರ್ಡಿಗೆ ಎಂಟರಿಂದ ಹತ್ತು ಯಾರ್ಡ್ ಎಡಕ್ಕೆ ಹೋಗುತ್ತದೆ. ಲಾಫ್ಟ್ ಹೆಚ್ಚಾದಷ್ಟೂ ಈ ಎಳೆತ ಹೆಚ್ಚು. ಅದೇ ಜಾಗದಿಂದ ಲಾಫ್ಟ್ ಕಡಿಮೆಯಿರುವ ಫೈವ್ ಐರನ್ ಹೊಡೆದರೆ ಕೋನದಲ್ಲಿ ಅರ್ಧಕ್ಕಿಂತ ಕಡಿಮೆ ತಪ್ಪುತ್ತದೆ. ಚಿಕ್ಕ ಶಾಟ್ ಸುಲಭ ಅಂತ ಇಂಥಲ್ಲಿ ಮೈಮರೆಯುವುದೇ ದೊಡ್ಡ ಅಪಾಯ. ಗ್ರಿಪ್ ಒಂದು ಇಂಚು ಕೆಳಗೆ ಹಿಡಿಯಿರಿ, ಬೆನ್ನು ಸ್ವಲ್ಪ ನೆಟ್ಟಗಿರಲಿ, ಮುಕ್ಕಾಲು ಸ್ವಿಂಗ್ ಸಾಕು, ಗುರಿ ಬಲಕ್ಕೆ. ಚೆಂಡು ಪಾದಕ್ಕಿಂತ ಕೆಳಗಿದ್ದರೆ ಎಲ್ಲ ತಿರುಗುಮುರುಗು: ಮಂಡಿ ಬಗ್ಗಿಸಿ, ಗ್ರಿಪ್ಪಿನ ತುದಿ ಹಿಡಿದು, ಹೊಡೆದು ಮುಗಿಸುವವರೆಗೂ ಆ ಎತ್ತರ ಬಿಡಬಾರದು. ಮಧ್ಯದಲ್ಲಿ ಎದ್ದರೆ ಏಟು ಚೆಂಡಿನ ನೆತ್ತಿಗೆ ಬೀಳುತ್ತದೆ. ಎದ್ದೇಳದಿದ್ದರೂ ಚೆಂಡು ಬಲಕ್ಕೇ ಹೋಗುತ್ತದೆ, ಅದಕ್ಕೆ ಮೊದಲೇ ಜಾಗ ಬಿಟ್ಟಿರಬೇಕು.

ಇದನ್ನೇ ಆ ಕ್ಯಾಡಿ ಒಂದೇ ಮಾತಿನಲ್ಲಿ ಹೇಳಿದ್ದು. ದಿನಾ ಆ ಗುಡ್ಡ ಹತ್ತಿ ಇಳಿಯುವವರ ಮಾತು ಕೇಳದೆ, ಶಾಟ್ ಕೆಟ್ಟ ಮೇಲೆ ಅವರ ಮೇಲೆ ರೇಗುವುದು ನನಗೆ ಸಹಿಸಲಾಗದ ಸಂಗತಿ.

ಮೂಲ ತೊಂದರೆ ನಾವು ಕಲಿಯುವ ಜಾಗದಲ್ಲಿದೆ. ಡ್ರೈವಿಂಗ್ ರೇಂಜಿನಲ್ಲಿ, ಅಂದರೆ ಅಭ್ಯಾಸದ ಮೈದಾನದಲ್ಲಿ, ಚಪ್ಪಟೆ ಮ್ಯಾಟ್ ಮೇಲೆ ಬಕೆಟ್‌ಗಟ್ಟಲೆ ಚೆಂಡು ಹೊಡೆದು, ಸೀದಾ ಊಟಿಗೋ ಮಡಿಕೇರಿಗೋ ವಿರಾಜಪೇಟೆ ಬಳಿಯ ಬಿಟ್ಟಂಗಾಲಕ್ಕೋ ಹೋದರೆ ಟೀ (ಮೊದಲ ಹೊಡೆತದ ಜಾಗ) ಬಿಟ್ಟ ಮೇಲೆ ಸಮತಟ್ಟಾದ ನಿಲುವು ಸಿಗುವುದೇ ಅಪರೂಪ. ಏರಿನಲ್ಲಿ ನಿಂತು ಹೊಡೆಯುವಾಗ ಭುಜವನ್ನು ಇಳಿಜಾರಿಗೆ ಸಮವಾಗಿ ಓರೆ ಮಾಡಬೇಕು. ಹಾಗೆ ಮಾಡಿದ ತಕ್ಷಣ ನಾಲ್ಕು ಡಿಗ್ರಿಯ ಏರು ನಿಮ್ಮ ಸೆವೆನ್ ಐರನ್ನನ್ನು ಏಯ್ಟ್ ಐರನ್ ಮಾಡಿಬಿಡುತ್ತದೆ, ಅಂದರೆ ಚೆಂಡು ಹೆಚ್ಚು ಮೇಲೆದ್ದು ಕಡಿಮೆ ದೂರ ಹೋಗುತ್ತದೆ. ಆದ್ದರಿಂದ ಒಂದು ಕ್ಲಬ್ ಹೆಚ್ಚು, ಅಂದರೆ ಸಿಕ್ಸ್ ಐರನ್, ತೆಗೆದುಕೊಳ್ಳಿ. ಇಳಿಜಾರಿನಲ್ಲಿ ಲಾಫ್ಟ್ ಅಷ್ಟೇ ಕಡಿಮೆಯಾಗುತ್ತದೆ. ದೂರದ ಹೊಡೆತದ ಹದಿನೈದು ಡಿಗ್ರಿಯ ತ್ರೀ ವುಡ್ ಹನ್ನೊಂದಕ್ಕೆ ಬಂದು ನಿಂತರೆ ಅದು ನೆಲದಿಂದ ಹೊಡೆಯುವ ಡ್ರೈವರ್ (ಟೀಯಿಂದ ಅತಿ ದೂರ ಹೊಡೆಯುವ ಕ್ಲಬ್)! ಚೆಂಡು ಮೇಲೇಳುವುದಿಲ್ಲ ಅನ್ನಿಸಿ ಎತ್ತಲು ಹೋಗುತ್ತೇವೆ, ಭಾರ ಹಿಂದಿನ ಕಾಲಿಗೆ ಬೀಳುತ್ತದೆ, ಕ್ಲಬ್ ಮೊದಲು ಮಣ್ಣಿಗೆ ತಾಗುತ್ತದೆ. ಚೆಂಡನ್ನು ಹಿಂದಿನ ಕಾಲಿನ ಕಡೆ ಇಟ್ಟುಕೊಂಡು, ಹೊಡೆದ ಮೇಲೂ ಕ್ಲಬ್‌ಹೆಡ್ ಇಳಿಜಾರನ್ನೇ ಹಿಂಬಾಲಿಸಲಿ. ಬೇಕಾದರೆ ಒಂದು ಹೆಜ್ಜೆ ಮುಂದೆ ನಡೆದುಬಿಡಿ.

ದೂರದ ಲೆಕ್ಕದಲ್ಲೂ ಇದೇ ಅಸಡ್ಡೆ. ಗ್ರೀನ್ ಮೂವತ್ತು ಅಡಿ ಮೇಲಿದ್ದರೆ ಹತ್ತು ಯಾರ್ಡ್ ಸೇರಿಸಿ, ಕೆಳಗಿದ್ದರೆ ಹೆಚ್ಚುಕಡಿಮೆ ಅಷ್ಟೇ ಕಳೆಯಿರಿ. ಮೇಲಿನ ಗ್ರೀನಿಗೆ ಹೋದ ಚೆಂಡು ಓರೆಯಾಗಿ ಬಿದ್ದು ಹೆಚ್ಚು ಉರುಳುತ್ತದೆ, ಕೆಳಗಿನದಕ್ಕೆ ಹೋದದ್ದು ನೆಟ್ಟಗೆ ಇಳಿದು ಬೇಗ ನಿಲ್ಲುತ್ತದೆ. ಕೆಳಕ್ಕೆ ಹೊಡೆದದ್ದು ಗಾಳಿಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಗಾಳಿಯ ಪಾಲೂ ಹೆಚ್ಚು. ಇನ್ನು ಎತ್ತರದ ಗಾಳಿ ತೆಳು, ಸಾವಿರ ಅಡಿಗೆ ಶೇ. 1ಕ್ಕಿಂತ ತುಸು ಹೆಚ್ಚು ದೂರ ಸಿಗುತ್ತದೆ. ಊಟಿ ಸುಮಾರು 7,300 ಅಡಿ ಎತ್ತರದಲ್ಲಿದೆ ಅಂತ ಕೆಲವರು ಪೂರಾ ಶೇ. 8 ಸೇರಿಸಿಕೊಳ್ಳುತ್ತಾರೆ. ಬೆಂಗಳೂರೇ 3,000 ಅಡಿ ಮೇಲಿದೆ ಸ್ವಾಮಿ, ಅಲ್ಲಿ ನೀವು ಹೊಡೆಯುವ 150 ಯಾರ್ಡಿನಲ್ಲಿ ಆ ಲಾಭ ಆಗಲೇ ಸೇರಿದೆ. ನಿಮಗೆ ಸಿಗುವುದು ಶೇ. 5, ಅಂದರೆ ಏಳು ಯಾರ್ಡ್. ಚಳಿಯ ಬೆಳಿಗ್ಗೆ ಅದರಲ್ಲೂ ಒಂದು ಪಾಲು ಕರಗುತ್ತದೆ. ಮಂಗಳೂರಿಂದ ಹೋದವರಿಗೆ ಪೂರಾ ಲೆಕ್ಕ ಸರಿ.

"ಫೇರ್‌ವೇ ಮಧ್ಯಕ್ಕೇ ಹೊಡೆದೆ, ಆದರೂ ರಫ್‌ಗೆ ಉರುಳಿತು, ಇದು ಅನ್ಯಾಯ ಅಲ್ಲವೇ" ಅಂತ ಕೇಳುವವರಿದ್ದಾರೆ (ಫೇರ್‌ವೇ ಅಂದರೆ ಹುಲ್ಲು ಕತ್ತರಿಸಿದ ಹಾದಿ, ರಫ್ ಅಂದರೆ ಅದರ ಪಕ್ಕದ ಉದ್ದ ಹುಲ್ಲು). ಅಲ್ಲ. ಎಡದಿಂದ ಬಲಕ್ಕೆ ಇಳಿಯುವ ಫೇರ್‌ವೇಗೆ ಮಧ್ಯ ಅನ್ನುವುದು ಹುಲ್ಲು ಕತ್ತರಿಸಿದ ಗೆರೆಗಳ ನಡುವೆ ಇರುವುದಿಲ್ಲ, ಎಡಗಡೆಯ ಮೇಲಿನ ಅಂಚಿನ ಹತ್ತಿರ ಇರುತ್ತದೆ. ಟೀಯಿಂದ ನೋಡಿದರೆ ಕಣ್ಣಿಗೆ ಕಾಣುವ ಸಂಗತಿ ಅದು. ಕೆಟ್ಟ ನಿರ್ವಹಣೆ, ನೀರು ನಿಂತ ಗುಂಡಿ, ಇವುಗಳ ಬಗ್ಗೆ ದೂರಿದರೆ ನಾನೂ ದನಿಗೂಡಿಸುತ್ತೇನೆ. ಇಳಿಜಾರಿನ ಬಗ್ಗೆ ದೂರಿದರೆ ಇಲ್ಲ, ಇಳಿಜಾರೇ ಅಲ್ಲಿನ ಆಟ. ಡ್ರೈವರ್ ಬಿಟ್ಟು ಐರನ್ ಹೊಡೆದು, ಮುಂದಿನ ಶಾಟಿಗೆ ಆದಷ್ಟು ಸಮನಾದ ಜಾಗ ಹುಡುಕುವುದು ಅಲ್ಲಿ ಹೇಡಿತನ ಅಲ್ಲ. ಇಪ್ಪತ್ತು ಯಾರ್ಡ್ ಹಿಂದೆ ಉಳಿದರೂ ಎರಡು ಪಾದ ಒಂದೇ ಮಟ್ಟದಲ್ಲಿದ್ದರೆ ನೀವೇ ಮುಂದಿದ್ದೀರಿ.

ಗ್ರೀನಿನಲ್ಲಿ ಕಣ್ಣು ಇನ್ನೂ ಹೆಚ್ಚು ಮೋಸ ಮಾಡುತ್ತದೆ. ಇಡೀ ಗುಡ್ಡವೇ ವಾಲಿರುವಾಗ ಅದರ ಮೇಲಿನ ಸಣ್ಣ ಇಳಿಜಾರು ಏರಿನಂತೆ ಕಾಣುವುದುಂಟು. ಚೆಂಡಿನ ಹಿಂದೆ ಕೂತು ಅಳೆಯುವ ಮೊದಲು, ಐವತ್ತು ಯಾರ್ಡ್ ದೂರದಿಂದ ನಡೆದು ಬರುವಾಗಲೇ ಮಳೆನೀರು ಯಾವ ಕಡೆ ಹರಿದುಹೋಗುತ್ತದೆ ನೋಡಿಕೊಳ್ಳಿ. ಅನುಮಾನವಿದ್ದರೆ ಕ್ಯಾಡಿಯನ್ನು ಕೇಳಿ, ಕೇಳಿದ ಮೇಲೆ ನಂಬಿ. ಅಪ್ರೋಚ್ (ಗ್ರೀನಿಗೆ ಹೊಡೆಯುವ ಶಾಟ್) ಯಾವಾಗಲೂ ಇಳಿಜಾರಿನಲ್ಲಿ ಹೋಲಿನ ಕೆಳಗೆ ನಿಲ್ಲಲಿ. ಕೆಳಗಿನಿಂದ ಹತ್ತಡಿಯ ಪಟ್ (ಗ್ರೀನಿನಲ್ಲಿ ಚೆಂಡು ಉರುಳಿಸುವ ಹೊಡೆತ) ಧೈರ್ಯವಾಗಿ ತಳ್ಳಬಹುದು, ಮೇಲಿನಿಂದ ನಾಲ್ಕಡಿಯದ್ದೂ ನಡುಕ ಹುಟ್ಟಿಸುತ್ತದೆ. ದಿಬ್ಬ ಹತ್ತಿ ಏದುಸಿರು ಬಿಡುತ್ತ ಪಟ್ಟರ್ ಹಿಡಿಯಬೇಡಿ, ಬೇರೆಯವರ ಸರದಿ ಮುಗಿಯುವವರೆಗೆ ಉಸಿರು ಇಳಿಯಲಿ.

ಗುಡ್ಡದ ಕೋರ್ಸಿನಲ್ಲಿ ಜಗಳ ತರುವ ನಿಯಮಗಳು ಎರಡು, ಎರಡೂ ಈಗಿನ ರೂಪಕ್ಕೆ ಬಂದದ್ದು 2019ರ ಬದಲಾವಣೆಯಿಂದ. ಮಂಡಿಯ ಎತ್ತರದಿಂದ ಡ್ರಾಪ್ ಮಾಡಿದ (ಕೈಯಿಂದ ಬಿಟ್ಟ) ಚೆಂಡು ರಿಲೀಫ್ ಜಾಗದಿಂದ (ನಿಯಮದಂತೆ ಚೆಂಡು ಬಿಡಬೇಕಾದ ವಲಯ) ಉರುಳಿ ಹೊರಗೆ ಹೋದರೆ ಇನ್ನೊಂದು ಸಲ ಡ್ರಾಪ್ ಮಾಡಬೇಕು. ಮತ್ತೆ ಹೊರಗೆ ಹೋದರೆ, ಎರಡನೇ ಸಲ ನೆಲಕ್ಕೆ ಮೊದಲು ತಾಗಿದ ಬಿಂದುವಿನಲ್ಲೇ ಇಡಬೇಕು. ಚೆನ್ನಾಗಿರುವ ಹುಲ್ಲು ನೋಡಿ ಇಡುವಂತಿಲ್ಲ. ಗ್ರೀನಿನಲ್ಲಿ ಮಾರ್ಕ್ ಮಾಡಿ (ಚೆಂಡಿನ ಜಾಗ ಗುರುತಿಸಿ) ಎತ್ತಿ ವಾಪಸ್ ಇಟ್ಟ ಚೆಂಡು ತಾನಾಗಿ ಜಾರಿದರೆ, ಇಳಿದಲ್ಲಿಂದ ಆಡಬೇಡಿ, ದಂಡವಿಲ್ಲದೆ ಮೊದಲಿನ ಜಾಗಕ್ಕೆ ತಂದಿಡಿ. ಇನ್ನೂ ಒಮ್ಮೆಯೂ ಎತ್ತಿಲ್ಲದ ಚೆಂಡು ಗಾಳಿಗೆ ಅಥವಾ ಇಳಿಜಾರಿಗೆ ಸರಿದರೆ ಮಾತ್ರ ಅದು ಹೋಗಿ ನಿಂತಲ್ಲಿಂದ ಆಟ. ಇಳಿಜಾರಿನ ಗ್ರೀನಿಗೆ ಬಂದ ಕೂಡಲೇ ಮಾರ್ಕ್ ಮಾಡಿ, ಎತ್ತಿ, ಒರೆಸಿ ಇಡಿ.