ಹಿಂಜರಿತದೊಳಗಿನ ಜಾರುವಿಕೆ

‘ಹಿಂಜರಿ’ ಎಂದರೆ ಅಂಜುವುದು ಎಂದಷ್ಟೇ ಈ ಪದದ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವುದು ನನಗೆ ಸಾಲದೆನಿಸಿತು. ಈ ಪದದ ಮೊದಲ ಭಾಗ ಹಳಗನ್ನಡದ ‘ಪಿನ್’, ಎಂದರೆ ಹಿಂದೆ. ಪಕಾರವು ಹಕಾರವಾಗಿ ಅದು ‘ಹಿನ್’ ಆಯಿತು, ತಮಿಳು ಮತ್ತು ಮಲಯಾಳಗಳಲ್ಲಿ ಅದು ಇಂದಿಗೂ ‘ಪಿನ್’ ಆಗಿಯೇ ಉಳಿದಿದೆ. ಎರಡನೆಯದು ‘ಜರಿ’: ಗುಡ್ಡದ ಮಣ್ಣು ಜರಿಯಿತು ಎನ್ನುವಾಗಿನ ಅದೇ ಜಾರುವಿಕೆ. ಆದ್ದರಿಂದ ಕಾಲನ್ನು ತಾನಾಗಿ ಹಿಂದಕ್ಕಿಡುವ ‘ಹಿಮ್ಮೆಟ್ಟು’ವಿನಲ್ಲಿ ಒಂದು ನಿರ್ಧಾರವಿರಬಹುದು, ಹಿಂಜರಿಯುವವನಾದರೋ ಬಹುಮಟ್ಟಿಗೆ ತನಗರಿವಿಲ್ಲದೆಯೇ ಹಿಂದೆ ಸರಿದಿರುತ್ತಾನೆ. ‘ಆರ್ಥಿಕ ಹಿಂಜರಿತ’ ಎಂಬ ಪತ್ರಿಕಾ ಪ್ರಯೋಗ ಒಪ್ಪುವುದೂ ಇದೇ ಕಾರಣಕ್ಕೆ, ಏಕೆಂದರೆ ಅಲ್ಲಿ ಅಂಜಿಕೆಗಿಂತ ಜಾರುವಿಕೆಯೇ ಮುಖ್ಯ.

ಮುಂಬಯಿಯಲ್ಲಿ ಮನೆಯೊಳಗೆ ಕನ್ನಡ, ಬಾಗಿಲಾಚೆ ಮರಾಠಿ ಆಡುವ ನಮ್ಮಂಥವರಿಗೆ ಹೋಲಿಕೆಯ ಚಪಲ ಸಹಜ. ಬಸ್ಸಿನಲ್ಲಿ ದಿನವೂ ಕೇಳುವ ‘ಮಾಗೇ’ (ಹಿಂದೆ) ಎಂಬ ಮರಾಠಿ ಪದದ ಬೇರು ಸಂಸ್ಕೃತದ ‘ಮಾರ್ಗ’. ‘ಮಾಗ್’ ಎಂದರೆ ಜಾಡು, ಜಾಡು ಹಿಡಿದು ಬರುವವನು ಹಿಂದೆಯೇ ಇರುತ್ತಾನಲ್ಲವೇ! ಬೇರುಗಳು ಇಷ್ಟು ದೂರವಿದ್ದರೂ, ನಾವು ‘ಹಿಂದಿನ ವರ್ಷ’ ಎನ್ನುವಂತೆಯೇ ಅವರೂ ‘ಮಾಗಚ್ಯಾ ವರ್ಷೀ’ ಎನ್ನುತ್ತಾರೆ. ಎರಡೂ ನುಡಿಗಳಲ್ಲಿ ಕಳೆದ ಕಾಲ ಬೆನ್ನ ಹಿಂದೆಯೇ ನಿಂತಿದೆ.